ಉಜ್ಜೀವನ ಕೂಟದಲ್ಲಿ ನಮ್ಮತ್ತೆ

ಇವತ್ತು ಬೆಳಿಗ್ಗೆ ಜಗಲಿ ಮೇಲೆ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಮೈಕು ಕಟ್ಟಿದ ಆಟೋ ಒಂದು ನಮ್ಮ ಕಡೂರಿನ ಬೀದಿಯಲ್ಲಿ ನಿಧಾನಕ್ಕೆ ಹಾದುಹೋಯಿತು. ‘ಇಂದು ಸಂಜೆ ಮಹಾ ಉಜ್ಜೀವನ ಕೂಟ, ಕುಟುಂಬ ಸಮೇತ ಬನ್ನಿ’ ಅಂತ ಕೂಗುತ್ತಿತ್ತು. ಹಿಂದೆ ಕಟ್ಟಿದ್ದ ಬ್ಯಾನರಿನಲ್ಲಿ ಬಿಳಿ ಅಂಗಿಯ ದಪ್ಪ ಮನುಷ್ಯರೊಬ್ಬರ ಚಿತ್ರ. ತಲೆ ಪೂರ್ತಿ ನರೆತಿದೆ. ಆದರೂ ನನಗೆ ಗುರುತು ಹತ್ತಿತು. ಅವರ ಪಕ್ಕದಲ್ಲಿ ಮೈಕು ಹಿಡಿದು ನಾನೂ ಒಂದು ಕಾಲದಲ್ಲಿ ಮೂರು ಸಂಜೆ ನಿಂತಿದ್ದೆ ಅಂದರೆ ನೀವು ನಂಬುತ್ತೀರೋ ಇಲ್ಲವೋ.

ನಮ್ಮದು ಸೋಮವಾರ ಒಪ್ಪೊತ್ತು ಮಾಡುವ, ಅಂತರಘಟ್ಟೆ ಅಮ್ಮನಿಗೆ ನಡೆದುಕೊಳ್ಳುವ ಮನೆ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿಕೊಂಡಿದ್ದವಳು. ಗಣಿತದ ಸ್ಟೆಲ್ಲಾ ಮಿಸ್ ಒಂದು ದಿನ ಸ್ಟಾಫ್ ರೂಮಿಗೆ ಓಡುತ್ತಾ ಬಂದರು. ಅವರ ಚರ್ಚಿನ ಸಭೆಯವರು ಬೀರೂರಿನಾಚೆ, ತರೀಕೆರೆ ರಸ್ತೆ ಪಕ್ಕದ ಬಯಲಲ್ಲಿ ದೊಡ್ಡ ಕೂಟ ಇಟ್ಟುಕೊಂಡಿದ್ದರು. ಬೋಧಕರು ತಮಿಳುನಾಡಿನ ತುದಿಯವರು, ಮಾತಾಡುವುದು ಇಂಗ್ಲಿಷಿನಲ್ಲಿ. ಅದನ್ನು ಕನ್ನಡಕ್ಕೆ ತಿರುಗಿಸಬೇಕಾದವರು ಟೈಫಾಯಿಡ್ ಆಗಿ ಆಸ್ಪತ್ರೆ ಸೇರಿದ್ದಾರೆ. ನಾಳೆಯಿಂದಲೇ ಮೂರು ದಿನ ಕೂಟ.

‘ನೀವು ಬಿಟ್ರೆ ನಂಗೆ ಇನ್ಯಾರೂ ಗೊತ್ತಿಲ್ಲ’ ಅಂದರು ಸ್ಟೆಲ್ಲಾ ಮಿಸ್.

ಮನೆಯಲ್ಲಿ ಯಜಮಾನರು ಪೇಪರ್ ಮಡಿಚಿಟ್ಟರು. ‘ಊರವರು ಏನಂತಾರೆ, ಸ್ವಲ್ಪ ಯೋಚನೆ ಮಾಡು.’

ನಮ್ಮತ್ತೆ ಒಳಗಿಂದಲೇ ಉತ್ತರ ಕೊಟ್ಟರು. ‘ಇವಳಿಗೆ ಆಪರೇಷನ್ ಆದಾಗ ಆ ಯಮ್ಮ ತಿಂಗಳುಗಟ್ಟಲೆ ಇವಳ ಕ್ಲಾಸನ್ನೂ ನೋಡ್ಕೊಂಡ್ರು. ಆಗ ಊರವರು ಬಂದಿದ್ರೇನೋ? ಹೋಗ್ಲಿ ಬಿಡು. ನಾನೂ ಬತ್ತೀನಿ.’

‘ನೀವ್ಯಾಕತ್ತೆ?’ ಅಂದೆ.

‘ಸೊಸೆ ಸ್ಟೇಜ್ ಹತ್ತೋದನ್ನ ನಾನು ನೋಡಬಾರ್ದಾ?’

ಹೀಗೆ ಹಣೆ ತುಂಬ ವಿಭೂತಿ ಇಟ್ಟುಕೊಂಡು ನಮ್ಮತ್ತೆ ಮೊದಲನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಬಯಲು ತುಂಬಿಹೋಗಿತ್ತು. ತರೀಕೆರೆ, ಅಜ್ಜಂಪುರದ ಕಡೆಯಿಂದ ಟೆಂಪೋಗಳಲ್ಲಿ ಜನ ಬರುತ್ತಲೇ ಇದ್ದರು. ಬೋಧಕರನ್ನು ಎಲ್ಲರೂ ಬ್ರದರ್ ಅಂತಲೇ ಕರೆಯುತ್ತಿದ್ದರು. ವೇದಿಕೆಯ ಹಿಂದೆ ಅವರು ಬಿಸಿನೀರು ಗುಟುಕರಿಸುತ್ತಾ ಮೂಲೆಯಲ್ಲಿ ಕೂತಿದ್ದರು. ‘ವೇದಿಕೆ ಹತ್ತುವ ಮೊದಲು ಪ್ರತಿ ಸಲವೂ ಹೆದರಿಕೆ ಆಗುತ್ತೆ. ನಾನು ಕೂಗಿದಾಗ ನೀವು ಕೂಗದಿದ್ದರೂ ಪರವಾಗಿಲ್ಲ, ನನ್ನೊಬ್ಬನನ್ನೇ ಅಲ್ಲಿ ನಿಲ್ಲಿಸಿ ಹೋಗಬೇಡಿ’ ಅಂದರು. ಅಷ್ಟು ದೊಡ್ಡ ಮನುಷ್ಯರಿಗೂ ಹೆದರಿಕೆ ಅಂತ ಗೊತ್ತಾದ ಮೇಲೆ ನನ್ನ ಹೆದರಿಕೆ ಅರ್ಧ ಇಳಿಯಿತು.

ಮೊದಲ ದಿನ ನಾನು ಪಟ್ಟ ಪಾಡು ಕೇಳಬೇಡಿ. ಗದ್ದಲ ಜಾಸ್ತಿಯಾದಾಗ ಅಭ್ಯಾಸಬಲದಿಂದ ‘ಹಿಂದಿನ ಬೆಂಚು, ಕೇಳಿಸ್ತಿದೆಯಾ?’ ಅಂದುಬಿಟ್ಟೆ. ಕತ್ತಲೆಯೊಳಗಿಂದ ಯಾರೋ ನನ್ನ ಹಳೇ ವಿದ್ಯಾರ್ಥಿ ‘ಕೇಳಿಸ್ತಿದೆ ಮಿಸ್’ ಅಂದ. ಬಯಲೆಲ್ಲ ನಕ್ಕಿತು. ಏನು ನಡೆಯಿತೆಂದು ಅರ್ಥವಾಗದೆ ಬ್ರದರ್ ಕೂಡ ನಕ್ಕರು.

ಕೊನೆಯಲ್ಲಿ ಪ್ರಾರ್ಥನೆಗೆಂದು ಜನ ಸಾಲುಗಟ್ಟಿದರು. ಫಿಟ್ಸ್ ಬರುವ ಮಗಳನ್ನು ಕರೆತಂದಿದ್ದ ತಾಯಿಯೊಬ್ಬಳು, ಇನ್ನು ಮಾತ್ರೆ ನಿಲ್ಲಿಸಬಹುದಾ ಅಂತ ಕೇಳಿದಳು. ಅದನ್ನು ಇಂಗ್ಲಿಷಿನಲ್ಲಿ ಹೇಳಿ, ಏನು ಹೇಳುತ್ತಾರೋ ಅಂತ ಅವರ ಮುಖ ನೋಡಿದೆ. ಬ್ರದರ್ ಆ ಹುಡುಗಿಯ ತಲೆ ಸವರಿ, ‘ನೀವು ಮಾತ್ರೆ ಬಿಡಬೇಡಿ, ನಾನು ಪ್ರಾರ್ಥನೆ ಬಿಡೋದಿಲ್ಲ’ ಅಂದರು. ಅದನ್ನು ನಾನು ಕನ್ನಡದಲ್ಲಿ, ಹಿಂದಿನ ಸಾಲಿಗೂ ಕೇಳುವಂತೆ ಹೇಳಿದೆ. ಈ ಮನುಷ್ಯರ ಪಕ್ಕ ನಿಲ್ಲಬಹುದು ಅನ್ನಿಸಿತು.

ಎರಡನೇ ಸಂಜೆ ಅವರು ಮುನಿಸಿನ ಬಗ್ಗೆ ಮಾತಾಡಿದರು. ಅಷ್ಟು ಹೊತ್ತಿಗೆ ನನಗೆ ಲಯ ಸಿಕ್ಕಿತ್ತು. ಅವರು ಕೈ ಎತ್ತಿದರೆ ನಾನೂ ಎತ್ತುತ್ತಿದ್ದೆ, ಅವರು ಬಗ್ಗಿದರೆ ನಾನೂ ಬಗ್ಗುತ್ತಿದ್ದೆ. ಬ್ರದರ್ ಜನರತ್ತ ಬೆರಳು ಚಾಚಿದರು. ನಾನೂ ಚಾಚಿ, ‘ದೇವರ ಮುಂದೆ ಕೈಮುಗಿದು ಕೂತಿದ್ದೀರಿ. ಒಡಹುಟ್ಟಿದವರ ಜೊತೆ ಮಾತು ಬಿಟ್ಟು ಎಷ್ಟು ವರ್ಷ ಆಯಿತು?’ ಅಂದೆ. ನನ್ನ ಬೆರಳು ನೇರವಾಗಿ ನಮ್ಮತ್ತೆಯ ಕಡೆ ನಿಂತಿತ್ತು.

ಅತ್ತೆಗೆ ಅಜ್ಜಂಪುರದಲ್ಲಿ ಗಿರಿಜಮ್ಮ ಅಂತ ತಂಗಿ. ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ಇಬ್ಬರಿಗೂ ಮಾತಿರಲಿಲ್ಲ. ಅಪ್ಪ ತೀರಿಕೊಂಡಾಗ ಜೊತೆಯಲ್ಲಿದ್ದ ಗಿರಿಜಮ್ಮ ಅಕ್ಕನಿಗೆ ಹೇಳಿ ಕಳಿಸಿರಲಿಲ್ಲ. ಬೇರೆ ಯಾರಿಂದಲೋ ತಿಳಿದು ಅತ್ತೆ ಅಜ್ಜಂಪುರ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದು, ಎಲ್ಲರೂ ಸ್ನಾನ ಮಾಡಿ ಕೂತಿದ್ದರಂತೆ. ಅತ್ತೆ ಹೊಸಿಲು ದಾಟದೆ ಹಾಗೇ ತಿರುಗಿ ಬಂದವರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಮನೆಗೆ ಬರುವಾಗ ಆಟೋದಲ್ಲಿ ಅತ್ತೆ ನನ್ನ ಕಡೆ ತಿರುಗಲೇ ಇಲ್ಲ. ಕಡೂರು ಹತ್ತಿರ ಬಂದ ಮೇಲೆ, ‘ಅಷ್ಟು ಜನರ ಮುಂದೆ ನನ್ನ ಮಾನ ಕಳೀಬೇಕಿತ್ತೇನೇ?’ ಅಂದರು.

‘ಅತ್ತೆ, ಅದು ನಾನು ಹೇಳಿದ್ದಲ್ಲ. ಅವ್ರು ಹೇಳಿದ್ದು.’

‘ಅವ್ರು ಹೇಳಿದ್ದು ಇಂಗ್ಲಿಷಲ್ಲಿ. ನಂಗೆ ಇಂಗ್ಲಿಷ್ ಬರಲ್ಲ. ಕನ್ನಡದಲ್ಲಿ ಹೇಳಿದ್ದು ನೀನು ತಾನೆ?’

 

ಮಾರನೆ ದಿನ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಮನೆಯಲ್ಲಿಲ್ಲ. ಬೀರೂರಿನ ಬಸ್ಸು ಹತ್ತಿದ್ದನ್ನು ನೋಡಿದೆ ಅಂತ ಹೂವಿನವಳು ಹೇಳಿದಳು. ಹೊತ್ತು ಇಳಿದ ಮೇಲೆ, ಬೇರೆ ದಾರಿಯಿಲ್ಲದೆ ನಾನೊಬ್ಬಳೇ ಕೂಟಕ್ಕೆ ಹೋದೆ. ಅಲ್ಲಿ ವೇದಿಕೆಯ ಹಿಂದೆ ಅತ್ತೆ ನಿಂತಿದ್ದರು. ಪಕ್ಕದಲ್ಲಿ ಅವರದೇ ಮೂಗು, ಅವರದೇ ಗದ್ದ ಇದ್ದ ಇನ್ನೊಬ್ಬ ಹೆಂಗಸು. ಇಬ್ಬರೂ ಅತ್ತು ಮುಖ ತೊಳೆದುಕೊಂಡಿದ್ದರು.

ಏನಾಯಿತೆಂದು ಗಿರಿಜಮ್ಮನೇ ಆಮೇಲೆ ನನಗೆ ಹೇಳಿದರು. ಬೀರೂರಿನಿಂದ ರೈಲು ಹತ್ತಿ ಬಂದ ಅಕ್ಕ ಬಾಗಿಲಲ್ಲೇ ನಿಂತು, ‘ಯಾಕೆ ಹೇಳಿ ಕಳಿಸ್ಲಿಲ್ಲ?’ ಅಂತ ಕೇಳಿದರಂತೆ. ‘ತಲೆ ಓಡ್ಲಿಲ್ಲ ಕಣಕ್ಕ. ಅಪ್ಪನ ಕೈ ನನ್ನ ಕೈಯಲ್ಲೇ ತಣ್ಣಗಾಯ್ತು. ನಾನು ಹಂಗೇ ಕೂತ್ಬಿಟ್ಟೆ. ನಿನ್ನ ನೆನಪು ಬರೋ ಹೊತ್ಗೆ ಎಲ್ಲಾ ಮುಗಿದೋಗಿತ್ತು. ಆಮೇಲೆ ಯಾವ ಮುಖ ಇಟ್ಕೊಂಡು ಬರ್ಲಿ?’ ಅಂದರಂತೆ ಗಿರಿಜಮ್ಮ. ಇಷ್ಟೇ ವಿಷಯ. ಇಷ್ಟಕ್ಕೆ ಇಬ್ಬರೂ ಮಕ್ಕಳ ಮದುವೆಗಳನ್ನು ಒಬ್ಬರನ್ನೊಬ್ಬರು ಕರೆಯದೆ ಮುಗಿಸಿದ್ದರು.

ಅತ್ತೆ ಬ್ರದರ್ ಮುಂದೆ ಹೋಗಿ ನಿಂತು ನನಗೆ, ‘ಹೇಳೇ ಅವರಿಗೆ’ ಅಂದರು. ‘ನಂಗೆ ನನ್ನ ದೇವ್ರು ಇದಾನೆ. ನಾನು ಅವ್ನ ಬಿಟ್ಟು ಬರಲ್ಲ. ಆದ್ರೆ ನೀವು ಹೇಳಿದ ಮಾತು ಸರಿಯಾಗಿತ್ತು. ಅದಕ್ಕೇ ತಂಗೀನ ಕರ್ಕೊಂಡು ಬಂದೆ.’

ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಬ್ರದರ್ ಬಿಸಿನೀರಿನ ಲೋಟ ಕೆಳಗಿಟ್ಟು ಅಕ್ಕತಂಗಿಯರನ್ನು ನೋಡಿದರು. ಆಮೇಲೆ ಫೋನ್ ತೆಗೆದುಕೊಂಡು ಪಕ್ಕದಲ್ಲಿ ನಿಲ್ಲಿಸಿದ್ದ ವ್ಯಾನಿನ ಆ ಕಡೆಗೆ ಹೋದರು. ಬೇಗನೇ ವಾಪಸು ಬಂದು, ‘ಬನ್ನಿ ಮೇಡಂ’ ಅಂತ ವೇದಿಕೆ ಹತ್ತಿದರು.

ಅಂದು ಅವರು ಸಿದ್ಧ ಮಾಡಿಕೊಂಡು ಬಂದ ಬೋಧನೆ ಮಾಡಲಿಲ್ಲ. ಕೂಗಲೂ ಇಲ್ಲ. ‘ನಿನ್ನೆ ನಿಮಗೆ ಹೇಳಿದ್ದನ್ನು ನಾನೇ ಮಾಡಿರಲಿಲ್ಲ. ನನಗೊಬ್ಬ ತಮ್ಮ ಇದ್ದಾನೆ. ಊರೂರು ತಿರುಗಿ ಸಾವಿರಾರು ಜನರ ಜೊತೆ ಮಾತಾಡುವ ನಾನು ಅವನೊಬ್ಬನ ಜೊತೆ ಮಾತಾಡಿಲ್ಲ. ಈಗ ತಾನೇ ಫೋನ್ ಮಾಡಿದೆ. ನನ್ನ ಧ್ವನಿ ಕೇಳಿ ಅವನು ಇಟ್ಟುಬಿಟ್ಟ’ ಅಂದರು.

ನಾನು ಅದನ್ನು ಒಂದೊಂದೇ ವಾಕ್ಯವಾಗಿ ಕನ್ನಡದಲ್ಲಿ ಹೇಳಿದೆ.

‘ನಾಳೆ ಮತ್ತೆ ಮಾಡ್ತೀನಿ’ ಅಂದರು ಬ್ರದರ್. ‘ನಾಳೆ ಮತ್ತೆ ಮಾಡ್ತೀನಿ’ ಅಂತ ನಾನೂ ಹೇಳಿದೆ. ಆ ಒಂದು ವಾಕ್ಯವನ್ನು ತಿರುಗಿಸಿ ಹೇಳಿದಂತೆ ನನಗೆ ಅನ್ನಿಸಲಿಲ್ಲ. ನನ್ನ ಮಾತೇ ಅನ್ನಿಸಿತು.

ಅದಾಗಿ ಬಹಳ ವರ್ಷಗಳಾದವು. ನಾನು ನಿವೃತ್ತಳಾದೆ. ಗಿರಿಜಮ್ಮ ಈಗ ವರ್ಷದಲ್ಲಿ ಅರ್ಧ ಕಾಲ ನಮ್ಮ ಮನೆಯಲ್ಲೇ ಇರುತ್ತಾರೆ. ಅಕ್ಕತಂಗಿ ದಿನಕ್ಕೊಂದು ಜಗಳ ಆಡದಿದ್ದರೆ ಇಬ್ಬರಿಗೂ ಉಂಡದ್ದು ಅರಗುವುದಿಲ್ಲ. ಆದರೆ ಮಾತು ಬಿಡುವುದಿಲ್ಲ.

ಆಟೋದ ಸದ್ದಿಗೆ ಅತ್ತೆ ಗೋಡೆ ಹಿಡಿದುಕೊಂಡು ಆಚೆ ಬಂದರು. ಯಾರು ಬರುತ್ತಿದ್ದಾರೆಂದು ಹೇಳಿದೆ. ತಕ್ಷಣ ಒಳಗೆ ತಿರುಗಿ, ‘ಗಿರಿಜಾ, ಸಾಯಂಕಾಲಕ್ಕೆ ಒಳ್ಳೇ ಸೀರೆ ತೆಗೆದಿಡೇ. ಹೋಗ್ಬೇಕು’ ಅಂದರು.

‘ಈ ವಯಸ್ಸಲ್ಲಿ ಆ ಜನಜಂಗುಳಿಗೆ ಯಾಕತ್ತೆ?’ ಅಂದೆ.

‘ಬೋಧನೆಗಲ್ಲ ಕಣೇ. ಆ ಮನುಷ್ಯನ ತಮ್ಮ ಫೋನ್ ಎತ್ತಿದ್ನಾ ಅಂತ ಕೇಳ್ಬೇಕು. ನೀನೂ ಬಾ, ಇಂಗ್ಲಿಷಲ್ಲಿ ಕೇಳೋಕೆ ಒಬ್ರು ಬೇಕಲ್ಲ.’