ಲಾತಾಯಿಯ ಹನ್ನೆರಡು ಪುಟ

ಬೆಳಿಗ್ಗೆ ಮರಗೆಣಸು ಬೇಯಿಸಿ, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿ, ಮೂರು ಮಕ್ಕಳ ಸಮವಸ್ತ್ರ ಇಸ್ತ್ರಿ ಮಾಡಿ, ಗಂಡ ಹೊರಗೆ ಹೋಗುವಾಗ ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆ ಎತ್ತಿಟ್ಟು ಎಂಟಕ್ಕೆ ತರಗತಿ ಸೇರುವ ಲಾತಾಯಿ, ಹದಿನಾಲ್ಕು ವರ್ಷದಿಂದ ದ್ವೀಪದ ರಾಜಧಾನಿ ನುಕುಅಲೋಫಾದ ವಿಶ್ವವಿದ್ಯಾಲಯದಲ್ಲಿ ಕೃಷಿ ಪಾಠ ಹೇಳುತ್ತಿದ್ದಳು. ಪಠ್ಯದಲ್ಲಿ ರೈತನೆಂದರೆ ಗಂಡಸೇ. ಅವನು ಕಿತ್ತು ತಂದ ಗೆಡ್ಡೆಯನ್ನು ಬೇಯಿಸುವವರು ಯಾರು, ಬಸುರಿ ಎಷ್ಟು ತಿಂಗಳವರೆಗೆ ನೀರು ಹೊರುತ್ತಾಳೆ, ದಣಿದವಳು ಹಾಸಿಗೆಯಲ್ಲಿ ಗಂಡನಿಗೆ ಬೇಡವೆನ್ನಬಲ್ಲಳೇ ಎಂಬುದನ್ನೆಲ್ಲ ಸೇರಿಸಿ, ಎರಡು ವರ್ಷ ಕೂತು, ಅವಳು ಹನ್ನೆರಡು ಪುಟದ ಹೊಸ ಪಾಠ ಬರೆದಳು.

ಅಷ್ಟರಲ್ಲಿ, ಹೊಸ ಪಾಠಕ್ಕೆ ಒಪ್ಪಿಗೆ ಕೊಡಬೇಕಾದ ಪಠ್ಯ ಸಮಿತಿಗೆ ಹೊಸ ಅಧ್ಯಕ್ಷ ಬಂದ. ಮನಾಸೆ, ಅವಳ ದೊಡ್ಡಮ್ಮನ ಮಗ. ಅಂದರೆ ಅಣ್ಣನೇ. ಆ ದ್ವೀಪದ ಕಟ್ಟುಪಾಡಿನಲ್ಲಿ ಅಣ್ಣನ ಎದುರು ತಂಗಿ ಬಸುರು, ಹಾಸಿಗೆಯ ಮಾತೆತ್ತುವಂತಿಲ್ಲ. ಅವಳು ಕೂತಲ್ಲಿ ಬೇರೆಯವರು ಎತ್ತಿದರೂ ಅವನು ಎದ್ದು ಹೋಗಬೇಕು. ಅವನು ಎದ್ದರೆ ಸಭೆಯೇ ಮುಗಿಯಿತು.

“ಆ ಬಸುರು, ಹಾಸಿಗೆಯ ನಾಲ್ಕು ಪುಟ ಕಿತ್ತುಬಿಡು” ಎಂದಳು ಕಚೇರಿಯ ಫೂಸಿ.

“ಕಿತ್ತರೆ ಉಳಿಯೋದು ಗೊಬ್ಬರದ ಪಾಠ ಕಣೇ.”

“ಹಂಗಾದ್ರೆ ಸೇಮಿಸಿ ಕೈಲಿ ಓದಿಸು. ಹೇಗೂ ಹೊರಗಿರ್ತೀಯ, ಚಹಾ ನೋಡ್ಕೋ.”

ಸೇಮಿಸಿ ಹೋದ ವರ್ಷ ಅವಳ ವಿಭಾಗದಲ್ಲೇ ಪಾಠ ಹೇಳುವ ಕೆಲಸಕ್ಕೆ ಸೇರಿದವನು. ಒಪ್ಪಿಕೊಂಡ. ಸಭೆಯ ದಿನ ಪಕ್ಕದ ಕೋಣೆಯಲ್ಲಿ ಚಹಾದ ಕಪ್ಪುಗಳನ್ನು ತೊಳೆಯುತ್ತ ಲಾತಾಯಿ ಹಲಗೆಗೋಡೆಯಾಚೆ ತನ್ನ ಮಾತುಗಳನ್ನು ಅವನ ದನಿಯಲ್ಲಿ ಕೇಳಿದಳು.

“ನಮ್ಮಲ್ಲಿ ಅಕ್ಕತಂಗೀರನ್ನ ತಲೆ ಮೇಲೆ ಕೂರಿಸ್ಕೋತೀವಲ್ಲಪ್ಪ, ಇದೆಲ್ಲ ಯಾಕೆ?” ಎಂದರು ಯಾರೋ ಸದಸ್ಯರು.

“ಅಕ್ಕತಂಗೀರನ್ನ ಸರಿ. ಹೆಂಡ್ತೀರನ್ನ?” ಎಂದ ಸೇಮಿಸಿ. ಎಲ್ಲರೂ ನಕ್ಕರು. ಆ ಪ್ರಶ್ನೆ ಏಳನೆಯ ಪುಟದ್ದು. ಬರೆಯುವಾಗ ಲಾತಾಯಿಗೆ ನಗು ಬಂದಿರಲಿಲ್ಲ.

ಪಾಠಕ್ಕೆ ಒಪ್ಪಿಗೆ ಸಿಕ್ಕಿತು. “ಮಂಡಿಸಿದವರೇ ಪಾಠ ಮಾಡೋದು ನಮ್ಮ ಪದ್ಧತಿ” ಎಂದ ಮನಾಸೆ. “ಸೇಮಿಸಿ ಹೆಸರು ಬರ್ಕೊಳ್ಳಿ.”

ಸೇಮಿಸಿ ಹೊರಬಂದು ಬಾಗಿಲಲ್ಲೇ ನಿಂತ.

“ನನ್ನದು ಅಂತ ಹೇಳಬಾರದಿತ್ತಾ?” ಎಂದಳು ಲಾತಾಯಿ.

“ಬಾಯಿಗೆ ಬಂದಿತ್ತು ಮೇಡಂ. ಹೇಳಿದ್ರೆ, ಆ ಮಾತೆಲ್ಲ ತಂಗೀದು ಅಂತ ಅಧ್ಯಕ್ಷರಿಗೆ ಗೊತ್ತಾಗ್ತಿತ್ತಲ್ಲ.”

ಅವನ ಹೆಗಲ ಮೇಲಿಂದ ಸಭೆಯ ಮೇಜು ಕಾಣುತ್ತಿತ್ತು. ಹನ್ನೆರಡು ಪುಟವೂ ಮನಾಸೆಯ ಮುಂದಿದ್ದವು. ಹೋಗಿ ನನ್ನವು ಎನ್ನಬೇಕಾದರೆ, ಒಂದೊಂದು ಮಾತನ್ನೂ ಅಣ್ಣನ ಎದುರು ತನ್ನದೆಂದು ಒಪ್ಪಿಕೊಳ್ಳಬೇಕು. ಅವನು ತಲೆ ತಗ್ಗಿಸಿ ಎದ್ದು ಹೋಗುತ್ತಾನೆ, ಪಾಠವೂ ಬಿದ್ದುಹೋಗುತ್ತದೆ.

“ಮೇಡಂ, ಇದನ್ನ ಹೇಗೆ ಪಾಠ ಮಾಡೋದು ಅಂತ ನಂಗೆ ತಲೆಬುಡ ಗೊತ್ತಿಲ್ಲ. ಟಿಪ್ಪಣಿ ಬರ್ಕೊಡ್ತೀರಾ?”

ಲಾತಾಯಿ ಕೈ ಒರೆಸಿಕೊಂಡಳು.

“ಯಾವತ್ತಿಗೆ ಬೇಕು?”

“ಸೋಮವಾರಕ್ಕೆ.”