ಅರಿಷಿಣದ ಚೀಲ, ಡೇರೆಯ ಚೀಲ

ನಾನು ಕಟ್ಟಿದ ಚೀಲವನ್ನು ಬಿಚ್ಚಲು ನನ್ನಿಂದಲೂ ಆಗುತ್ತಿರಲಿಲ್ಲ. ಇದನ್ನು ತಪ್ಪೊಪ್ಪಿಗೆಯೆಂದು ತಿಳಿಯಬೇಡಿ, ಬಹಳ ವರ್ಷ ಅದೇ ನನ್ನ ಹೆಮ್ಮೆಯಾಗಿತ್ತು. ಸಾಂಗಲಿ ಪೇಟೆಯಲ್ಲಿ ಅರಿಷಿಣದ ವ್ಯಾಪಾರ ನಮ್ಮದು. ಹರಿಪುರದ ಹಗೇವುಗಳಲ್ಲಿ, ಎಂದರೆ ನೆಲದೊಳಗಿನ ಗುಂಡಿಗಳಲ್ಲಿ, ಅರಿಷಿಣ ತುಂಬಿ ಬಾಯಿಗೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಗಾಳಿಯೂ ಒಳಗೆ ಇಣುಕಬಾರದು. ಇಂಥ ಕಸುಬಿನಲ್ಲಿ ಬೆಳೆದವನಿಗೆ ಮುಚ್ಚುವುದು ಚೆನ್ನಾಗಿ ಗೊತ್ತಿರುತ್ತದೆ. ತೆಗೆಯುವುದು ಬೇರೆ ಯಾರದೋ ಕೆಲಸ.

ಸಾಲೆ ಬಿಟ್ಟದ್ದು ನಾಲ್ಕನೇ ಇಯತ್ತೆಗೆ. ಬಿಟ್ಟದ್ದಕ್ಕೆ ದುಃಖವಿಲ್ಲ ಎಂದು, ಯಾರೂ ಕೇಳದಿದ್ದರೂ ಹೇಳಿಕೊಂಡು ತಿರುಗುತ್ತಿದ್ದೆ. ಸಂಸ್ಥಾನದ ಕಾಲ ಅದು. ಮಗನ ಸಾಲೆಯಲ್ಲಿ ಒಂದು ಸ್ಕೌಟ್ ಪಡೆ ಇತ್ತು. ಶನಿವಾರ ಹುಡುಗರು ಹರಿಪುರದ ಹೊಳೆ ದಂಡೆಗೆ ಹೋಗಿ, ಡೇರೆ ಹಾಕಿ, ತಾವೇ ಬೇಯಿಸಿ ತಿಂದು, ರವಿವಾರ ಸಂಜೆ ಮರಳುವರು. ಸಾಮಾನು ಕಟ್ಟಲು ಒಬ್ಬರು ಬೇಕೆಂದು ಪಡೆಯ ಮಾಸ್ತರರು ನನ್ನನ್ನು ಕರೆಸಿದರು. ಹಿಂದೆಲ್ಲ ಸಾಲೆ ನನ್ನ ಅಪ್ಪನನ್ನು ಕರೆಸುತ್ತಿತ್ತು, ನನ್ನ ಬಗ್ಗೆ ದೂರು ಹೇಳಲು. ಈ ಸಲ ನನ್ನನ್ನೇ ಕರೆದು ಸಾಮಾನಿನ ಕೋಣೆಯ ಕೀಲಿ ಕೈಗಿಟ್ಟಿತು. ಆ ಕೀಲಿಯನ್ನು ಅಂಗಿಯ ಹೊರಗೆ ಕಾಣುವಂತೆ ತೂಗಿಬಿಟ್ಟುಕೊಂಡೆ.

ಭಾರದ್ದು ತಳಕ್ಕೆ, ಬೆಲೆಯುಳ್ಳದ್ದು ಎಲ್ಲಕ್ಕೂ ಒಳಗೆ. ಇದು ಪೇಟೆಯ ಧರ್ಮ. ಡೇರೆ, ಹಂಡೆ, ಕಂದೀಲು, ಅಕ್ಕಿ ಎಲ್ಲವನ್ನೂ ಗೋಣಿಗಳಲ್ಲಿ ತುಂಬಿ ದಬ್ಬಣದಿಂದ ಎರಡೆರಡು ಹೊಲಿಗೆ ಹಾಕಿದೆ. ಗಾಡಿ ಹರಿಪುರ ಮುಟ್ಟುವವರೆಗೆ ಒಂದು ಕಾಳೂ ಸೋರಲಿಲ್ಲ. ಮುಟ್ಟಿದ ಮೇಲೂ ಸೋರಲಿಲ್ಲ. ದಬ್ಬಣ ಸಾಂಗಲಿಯಲ್ಲಿ ಉಳಿದಿತ್ತು. ಹುಡುಗರ ಚಾಕುಗಳನ್ನಂತೂ, ಕಳೆದಾವೆಂದು, ನಾನೇ ಒಂದು ಚೀಲದೊಳಗೆ ಹೊಲಿದಿದ್ದೆ. ಹಲ್ಲಿನಿಂದ ಹುರಿ ಕಡಿಯುತ್ತಿರುವಾಗಲೇ ಮಳೆ ಬಂತು. ಡೇರೆ ಸಿಕ್ಕಿದ್ದು ಹಂಡೆಯ ಕೆಳಗೆ.

ಮಾಸ್ತರರು ತೊಯ್ದು ನಿಂತು, ಮರಾಠಿ ಬೆರೆಸಿದ ಕನ್ನಡದಲ್ಲಿ ಹೇಳಿದರು: "ಶೇಟಜೀ, ಇದು ಮುಂಬೈಗೆ ಹೋಗೋ ಮಾಲ ನಾಹೀ. ಮುಂದಿನ ಶನಿವಾರ ಹೊತ್ತು ಮುಳುಗೋದ್ರಾಗ ಡೇರೆ ನಿಲ್ಲಲಿಲ್ಲಂದ್ರ, ಕೀಲಿ ನಮ್ಮ ಕಾರಕೂನನ ಕಡೆ."

ಕಾರಕೂನ, ಎಂದರೆ ಸಾಲೆಯ ಗುಮಾಸ್ತ, ಮ್ಯಾಟ್ರಿಕ್ ಪಾಸಾದವನು. ಅದು ನನಗೆ ಮಳೆಗಿಂತ ಹೆಚ್ಚು ತಟ್ಟಿತು.

ವಾರದ ನಡುವೆ ಮಿರಜಿಗೆ ಹೋಗಿದ್ದೆ. ಊರ ಹೊರಗೆ ಸಲಗರೆ ಕಡೆಯ ಕುರುಬರು ಬೀಡು ಬಿಡುತ್ತಿದ್ದರು. ಒಬ್ಬ ಹೆಂಗಸು ಕುದುರೆಯ ಮೇಲಿನ ಹೊರೆಗೆ ಕೈ ಹಾಕಿ ಹಗ್ಗದ ತುದಿ ಒಮ್ಮೆ ಜಗ್ಗಿದಳು. ಮೊದಲು ಕಂಬಳಿ ಬಂತು, ಆಮೇಲೆ ಗಡಿಗೆ, ಹಿಟ್ಟು. ನನ್ನ ಬಾಯಿಯ ಎಲೆಯಡಿಕೆ ಮುಗಿಯುವಷ್ಟರಲ್ಲಿ ಒಲೆ ಹೊತ್ತಿತ್ತು.

"ಇಷ್ಟ ಲಗೂ ಹೆಂಗ ಬಿಚ್ಚಿದಿ ಯವ್ವಾ?" ಎಂದೆ.

"ಮುಂಜಾನಿ ಕಟ್ಟೂವಾಗ ಸಂಜೀದು ನೆನಸ್ತೀನ್ರಿ ಶಾವಕಾರ್ರ. ಸಂಜೀಕ ಮೊದಲ ಬೇಕಾಗೂದನ್ನ ಕಡೀಕ ಕಟ್ಟೂದು. ನಿಮ್ಮನ್ಯಾಗ ಗಂಟು ಯಾರ ಕಟ್ತಾರ?"

"ನಾನ."

"ಬಿಚ್ಚವ್ರು?"

"ಆಳುಗೋಳು."

"ಅದಕ್ಕರಿ ಮತ್ತ!" ಎಂದು ನಕ್ಕಳು. "ನಿಮ್ಮ ಗಂಟು ನೀವ ಬಿಚ್ರಿ ನಾಕ ದಿನಾ. ಎಲ್ಲಾ ತಿಳೀತೈತಿ."

ಗುರುವಾರವೆಲ್ಲ ಗೋದಾಮಿನಲ್ಲಿ ಕೂತು ಕಟ್ಟಿದೆ, ಬಿಚ್ಚಿದೆ, ಕಟ್ಟಿದೆ. ಬಾಗಿಲಲ್ಲಿ ನಿಂತ ಹೆಂಡತಿ, "ಅಯ್ಯ, ಇವರಿಗೆ ಏನಾತು? ಕಟ್ಟಿದ್ದನ್ನ ಬಿಚ್ಚಾಕ ಹತ್ಯಾರ!" ಎಂದು ನೆರೆಯವರಿಗೆ ಕೇಳುವಂತೆ ಕೂಗಿದಳು. ನಾನು ಇನ್ನೊಂದು ಗಂಟಿಗೆ ಕೈ ಹಾಕಿದೆ. ಮಾಲು ತಲುಪಿಸಲು ಕಟ್ಟುವುದೇ ಬೇರೆ, ಬದುಕಲು ಕಟ್ಟುವುದೇ ಬೇರೆ ಎಂದು ಆಕೆಗೆ ವಿವರಿಸಲು ನನಗೇ ಇನ್ನೂ ಪೂರ್ತಿ ತಿಳಿದಿರಲಿಲ್ಲ.

ಶನಿವಾರ ಡೇರೆಗಳು ಎದ್ದು ನಿಂತಾಗ ಸೂರ್ಯ ಇನ್ನೂ ಹೊಳೆಯ ಮೇಲೆ ಎರಡು ಮಾರು ಎತ್ತರದಲ್ಲಿದ್ದ. ಮಾಸ್ತರರು ಬೆರಗಾಗಿ, "ಕುಠಲ್ಯಾ, ಯಾವ ಪುಸ್ತಕದಾಗ ಓದಿದ್ರಿ ಶೇಟಜೀ?" ಎಂದರು.

ನಾನು ಪುಸ್ತಕ ಓದಿರಬಹುದೆಂದು ಯಾರಾದರೂ ಸಂಶಯಪಟ್ಟದ್ದು ಜನ್ಮದಲ್ಲಿ ಅದೇ ಮೊದಲು. ಆ ಸಂಶಯವನ್ನು ಹಾಗೆಯೇ ಇಟ್ಟುಕೊಳ್ಳೋಣವೆಂದು ಒಂದು ಕ್ಷಣ ಆಸೆಯಾಯಿತು. ಆದರೆ ದುಡಿದು ಉಂಡವನಿಗೆ ಇನ್ನೊಬ್ಬರ ದುಡಿಮೆ ಗಂಟಲಿನಲ್ಲಿ ಇಳಿಯುವುದಿಲ್ಲ. ಕುರುಬಗಿತ್ತಿಯ ಮಾತನ್ನು ಹೇಳಿಬಿಟ್ಟೆ.

ಮಾಸ್ತರರು ಯೋಚಿಸಿದರು. "ಹಂಗಾರ ಕೀಲಿ ಆಕೀಗೇ ಕೊಡಬೇಕಲ್ಲ?"

ಅಂಗಿಯ ಮೇಲೆ ತೂಗುತ್ತಿದ್ದ ಕೀಲಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡೆ. "ಹಿಂಡು ಮುಂದ ಹೋಗೇತ್ರಿ," ಎಂದೆ.

"ಎಲ್ಲಿಗೆ?"

"ಮೇವು ಇದ್ದಲ್ಲಿಗೆ."

"ಹಂಗಾರ ಆಕೀ ಬರೋತನಕಾ ನೀವ ಇಟ್ಕೋರಿ," ಎಂದು ನಕ್ಕರು.

ಅವರು ಚೇಷ್ಟೆಗೆ ಅಂದದ್ದು. ನಾನು ಮಾತ್ರ ಅದನ್ನು ನಂಬಿ, ಒಂಬತ್ತು ವರ್ಷ ಆಕೆಯ ಬದಲಿಯಾಗಿ ದುಡಿದೆ. ಕುರಿಯ ಹಿಂಡು ಕಂಡಾಗಲೆಲ್ಲ ಅಳುಕು: ಆಕೆ ಬಂದು ಕೀಲಿ ಕೇಳಿದರೆ ಕೊಡಬೇಕಲ್ಲ! ನನ್ನ ಗಂಟುಗಳನ್ನು ಸಡಿಲವಾಗಿ ಉಳಿಸಿದ್ದು ಆ ಅಳುಕೇ ಇರಬೇಕು.