ಚೀಲ ಹಗುರ ಮಾಡಿದ್ದು

ನನ್ನ ಅಕ್ಕನನ್ನು ಕೊಟ್ಟದ್ದು ಹಗರಿಬೊಮ್ಮನಹಳ್ಳಿಗೆ. ಭಾವ ಅಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟರು. ಹಕ್ಕಿ ನೋಡುವ ಹುಚ್ಚು ಅವರಿಗೆ. ನನಗೆ ಹಕ್ಕಿಯ ಗೊಡವೆ ಇರಲಿಲ್ಲ. ಕೊಟ್ಟೂರಿನಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ, ಆ ಕಬ್ಬಿಣದ ವಾಸನೆಯಿಂದ ಎರಡು ದಿನ ದೂರ ಇದ್ದರೆ ನನಗೆ ಸಾಕಿತ್ತು. ಹೀಗಾಗಿ ವರ್ಷಕ್ಕೆ ನಾಲ್ಕೈದು ಸಲ ನಾವಿಬ್ಬರೇ ಶನಿವಾರ ಮಧ್ಯಾಹ್ನ ಹೊರಟು, ಎಲ್ಲಾದರೂ ಟೆಂಟು ಹಾಕಿಕೊಂಡು ಇದ್ದು, ಭಾನುವಾರ ಸಂಜೆಗೆ ಮನೆ ಸೇರುತ್ತಿದ್ದೆವು. ಭಾವನಿಗೆ ಚಿಕ್ಕಂದಿನಿಂದ ಉಬ್ಬಸ. ಅದರ ಜತೆ ಬಾಳುವುದನ್ನು ಅವರು ಕಲಿತುಬಿಟ್ಟಿದ್ದರು, ದೊಡ್ಡ ವಿಷಯವೆಂದು ಯಾವತ್ತೂ ಆಡಿದವರಲ್ಲ.

ಮೊದಲ ಸಲ ಹೋದದ್ದು ಹಲವಾಗಲಿನ ಹೊಳೆದಂಡೆಗೆ. ಕಾರಿನಲ್ಲಿ ನಾವು ಹೊತ್ತೊಯ್ದ ಸಾಮಾನು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ. ಗ್ಯಾಸ್ ಒಲೆ, ಸಿಲಿಂಡರ್, ಎರಡು ಪ್ಲಾಸ್ಟಿಕ್ ಕುರ್ಚಿ, ಹಾಸಿಗೆ, ನಾಲ್ಕು ಕೌದಿ, ಕುಕ್ಕರ್, ಬೋಗುಣಿಗಳು, ಐದು ಜನರ ಟೆಂಟು, ಮೂರು ಬ್ಯಾಟರಿ. ಕಾರು ಮರಳಿನ ಹತ್ತಿರ ಹೋಗಲಿಲ್ಲ. ಎಲ್ಲವನ್ನೂ ಹೊತ್ತು ಇಳಿಸುವಷ್ಟರಲ್ಲಿ ಸಂಜೆ ಮುಗಿದು, ಭಾವ ನೋಡಬೇಕೆಂದಿದ್ದ ಹಕ್ಕಿಗಳೆಲ್ಲ ಗೂಡು ಸೇರಿದ್ದವು. ಉಪ್ಪು ಎಲ್ಲೋ ಇತ್ತು, ಸಿಗಲಿಲ್ಲ. ಟೆಂಟಿನ ಗೂಟಗಳು ಕುಕ್ಕರಿನೊಳಗೆ ಇವೆಯೆಂದು ಗೊತ್ತಾದದ್ದು ಮರುದಿನ ಬೆಳಿಗ್ಗೆ.

ನಮ್ಮಿಂದ ಕೂಗಳತೆಯಲ್ಲಿ ಕುರಿಯವರ ಮಂದೆ ಬೀಡುಬಿಟ್ಟಿತ್ತು. ನಡುವಯಸ್ಸಿನ ಹೆಂಗಸೊಬ್ಬಳು ಮೂರು ಕಲ್ಲು ಹೂಡಿ ಒಂದೇ ಗಡಿಗೆಯಲ್ಲಿ ಅಡುಗೆ ಮುಗಿಸಿ, ಕಂಬಳಿ ಹೊದ್ದು ನಮ್ಮ ಕಡೆ ನೋಡುತ್ತಾ ಕೂತಿದ್ದಳು. ಕಡೆಗೆ ತಡೆಯಲಾರದೆ ಕೇಳಿಯೇಬಿಟ್ಟಳು.

"ಎಲ್ಲಿಗೆ ಮನಿ ಮಾಡಾಕ ಹೊಂಟೀರ್ರಿ, ಸಾಹೇಬ್ರ?"

"ನಾಳಿ ಸಂಜಿಗೆ ವಾಪಸ್ ಹೊಕ್ಕೀವಿ, ಯವ್ವಾ" ಎಂದರು ಭಾವ.

ಅವಳು ನಗಲಿಲ್ಲ. ನಮ್ಮ ಸಾಮಾನನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ ಮುಖ ತಿರುಗಿಸಿದಳು. ಭಾವ ಮಾತ್ರ ಮರುದಿನ ವಾಪಸ್ ಬರುವಾಗ ದಾರಿಯುದ್ದಕ್ಕೂ ನಕ್ಕರು. ನನಗೆ ಅವಮಾನವಾಗಿತ್ತು. ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದ ಅಳತೆಯ ಸ್ಕ್ರೂ ಸಿಗಬೇಕು ಅನ್ನುವವನು ನಾನು. ನನ್ನಂಥವನು ಉಪ್ಪು ಹುಡುಕುತ್ತಾ ಮರಳಿನಲ್ಲಿ ತೆವಳಿದ್ದೆ.

ಮುಂದಿನ ವಾರವೇ ಅಕ್ಕನ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲವನ್ನೂ ಹರವಿದೆ. ಬಳಸಿದ್ದು ಒಂದು ಗುಂಪು, ಬಳಸದೆ ವಾಪಸ್ ತಂದದ್ದು ಒಂದು ಗುಂಪು, ಬಳಸಿದರೂ ಇಲ್ಲದಿದ್ದರೆ ನಡೆಯುತ್ತಿತ್ತು ಅನ್ನುವಂಥದ್ದು ಇನ್ನೊಂದು. ಮೊದಲ ಗುಂಪು ಎಷ್ಟು ಸಣ್ಣದಿತ್ತೆಂದರೆ ಅಕ್ಕ ಬಂದು "ಇಷ್ಟಕ್ಕ ಕಾರು ತುಂಬಿಸಿದ್ರ್ಯಾ?" ಎಂದು ಸೆರಗು ಬಾಯಿಗಿಟ್ಟುಕೊಂಡಳು. ಅಂಗಡಿಯಿಂದ ತೂಕದ ಯಂತ್ರ ತಂದೆ. ಒಂದೊಂದನ್ನೇ ತೂಗಿ ಬರೆದೆ. ಸಣ್ಣ ಟೆಂಟು, ಒಂದು ಪಾತ್ರೆ, ಎರಡು ಲೋಟ, ಒಬ್ಬರಿಗೊಂದು ಹೊದಿಕೆ, ಒಂದು ಬ್ಯಾಟರಿ, ಚಾಕು, ಹಗ್ಗ. ಅಡುಗೆ ಬೇಡ, ಅಕ್ಕ ಕಟ್ಟಿಕೊಡುವ ರೊಟ್ಟಿ, ಶೇಂಗಾ ಚಟ್ನಿ ಸಾಕು. ಚಹಾಕ್ಕೆ ಮಾತ್ರ ಸಣ್ಣ ಒಲೆ. ಎಲ್ಲಕ್ಕೂ ಬಣ್ಣದ ಬಟ್ಟೆಯ ಸಣ್ಣ ಚೀಲ ಹೊಲಿಸಿದೆ. ಹಸಿರಿನಲ್ಲಿ ತಿನ್ನುವುದು, ಕೆಂಪಿನಲ್ಲಿ ಬೆಂಕಿಯದು, ಬಿಳಿಯದರಲ್ಲಿ ಔಷಧಿ. ಇಬ್ಬರಿಗೆ ಎರಡು ಬೆನ್ನಚೀಲ, ಅಷ್ಟೇ. ಅವು ಅಕ್ಕನ ಮನೆಯ ಬಾಗಿಲ ಹಿಂದೆ ಸದಾ ತಯಾರಾಗಿ ನೇತಾಡುತ್ತಿದ್ದವು. ಕಾರು ಬಿಟ್ಟು ಬೈಕಿನಲ್ಲೇ ಹೋಗತೊಡಗಿದೆವು.

ಅದು ಒಳ್ಳೆಯ ಕಾಲ. ಹಡಗಲಿಯ ಕಡೆ ಹೋದೆವು, ಹರಪನಹಳ್ಳಿಯ ಕೆರೆಗಳ ಏರಿಯ ಮೇಲೆ ಇದ್ದೆವು, ಮೈಲಾರದ ಹತ್ತಿರ ಹೊಳೆಯ ದಂಡೆಯಲ್ಲಿ ಎರಡು ಸಲ. ಟೆಂಟು ಹತ್ತು ನಿಮಿಷಕ್ಕೆ ಏಳುತ್ತಿತ್ತು, ಭಾವ ಬೈನಾಕ್ಯುಲರ್ ಹಿಡಿದು ಆಚೆ ಹೋಗುತ್ತಿದ್ದರು, ನಾನು ಸುಮ್ಮನೆ ನೀರು ನೋಡುತ್ತಾ ಕೂರುತ್ತಿದ್ದೆ. ಸಾಮಾನು ಕಡಿಮೆಯಾದಷ್ಟೂ ಮಾತೂ ಹಿತವಾಗುತ್ತಿತ್ತು. ಅದನ್ನು ನಾನು ಸುಳ್ಳೆಂದು ಇವತ್ತಿಗೂ ಹೇಳಲಾರೆ.

ಆದರೆ ಪ್ರತಿ ಸಲ ಇನ್ನೊಂದಿಷ್ಟು ತೆಗೆಯುವುದು ನನಗೆ ಚಟವಾಯಿತು. ಭಾವ ಎರಡು ಪುಸ್ತಕ ತಂದರೆ ಒಂದನ್ನು ತೆಗೆದಿಡುತ್ತಿದ್ದೆ. ಎರಡು ಟವೆಲ್ಲು ಕಂಡರೆ ಒಂದು ಹೊರಗೆ. ಒಂದು ಕೆಲಸಕ್ಕೆ ಎರಡು ಸಾಮಾನು ಇರಕೂಡದು ಎಂಬುದು ನನ್ನ ನಿಯಮ. "ನೀನು ನಮ್ಮ ಹೆಡ್‌ಮಾಸ್ತರಗಿಂತ ಕಡಕ್ ಅದಿಯಪಾ" ಎಂದು ಅವರು ನಗುತ್ತಾ ಒಪ್ಪಿಕೊಳ್ಳುತ್ತಿದ್ದರು. ತಮ್ಮನಂಥವನು ಖುಷಿಯಾಗಿರಲಿ ಎಂದು ಒಪ್ಪಿಕೊಳ್ಳುತ್ತಿದ್ದರೆಂದು ಆಗ ನನಗೆ ಹೊಳೆಯಲಿಲ್ಲ.

ಆ ಶನಿವಾರ ಹೊರಟದ್ದು ಕಾನಹೊಸಹಳ್ಳಿಯಿಂದ ಆಚೆಗಿನ ಒಂದು ಬಂಡೆಗುಡ್ಡಕ್ಕೆ. ಚಳಿ ಬಿದ್ದಿತ್ತು. ಹೊರಡುವ ಮುಂಚೆ ನಾನು ಎಂದಿನಂತೆ ಚೀಲ ತಪಾಸಣೆ ಮಾಡಿದೆ. ಭಾವನ ಚೀಲದ ಪಕ್ಕದ ಜೇಬಿನಲ್ಲಿ ಉಬ್ಬಸದ ಪಂಪು ಇತ್ತು, ಬಾಯಿಗಿಟ್ಟು ಒತ್ತಿದರೆ ಔಷಧಿ ಒಳಗೆ ಹೋಗುವಂಥದ್ದು. ಅದೇ ಥರದ ಇನ್ನೊಂದು ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು.

"ಬಾವ, ಎರಡ್ಯಾಕ್ರಿ? ಕಿಸೆದಾಗ ಒಂದು ಐತಲ್ಲ."

"ಅದು ಹಂಗಲ್ಲೋ. ಒಂದು ಕೈಗೆ, ಒಂದು ಚೀಲಕ್ಕ. ಮೊದ್ಲಿಂದ್ಲೂ ಹಂಗ ಐತಿ."

"ಒಂದ ರಾತ್ರಿ ಮಾತಲ್ರಿ?"

ಅವರು ಅಂಗಿಯ ಜೇಬಿನದನ್ನು ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದರು. "ಇರ್ಲಿ ಬಿಡು" ಎಂದರು. ನಾನು ಎರಡನೆಯದನ್ನು ತೆಗೆದು ಪಡಸಾಲೆಯ ಗೂಡಿನಲ್ಲಿ, ಕನ್ನಡಕದ ಡಬ್ಬಿಯ ಪಕ್ಕ ಇಟ್ಟೆ. ಅಕ್ಕ ಅಡುಗೆಮನೆಯಲ್ಲಿ ಬುತ್ತಿ ಕಟ್ಟುತ್ತಿದ್ದಳು.

ಬೈಕನ್ನು ರಸ್ತೆಯ ಪಕ್ಕದ ಹೊಲದಲ್ಲಿ ನಿಲ್ಲಿಸಿ ಗುಡ್ಡ ಹತ್ತಿದೆವು. ನಮ್ಮ ನಡಿಗೆಗೆ ಒಂದು ತಾಸು. ಸಂಜೆ ಚೆನ್ನಾಗಿಯೇ ಕಳೆಯಿತು. ಬೆಳಗಾಗುವ ಹೊತ್ತಿಗೆ ಕೆಳಗಿನ ಹೊಲದಲ್ಲಿ ಯಾರೋ ಮೆಕ್ಕೆಜೋಳದ ಸೊಪ್ಪೆಗೆ ಬೆಂಕಿ ಹಚ್ಚಿದ್ದರು. ಗಾಳಿ ಇರಲಿಲ್ಲ. ಹೊಗೆ ಮಂಜಿನ ಜತೆ ಸೇರಿ ಬಂಡೆಗಳ ನಡುವೆ ಬಂದು ನಿಂತುಬಿಟ್ಟಿತು.

ನಾನು ಚಹಾಕ್ಕೆ ನೀರಿಡುತ್ತಿದ್ದೆ. ಬೆನ್ನ ಹಿಂದೆ ಭಾವನ ಉಸಿರು ಸೀಟಿ ಹೊಡೆಯುವುದು ಕೇಳಿಸಿತು. ಅವರು ಪಂಪು ಒತ್ತಿದರು. ಒಂದು ಸಲ ಬಂತು. ಎರಡನೆಯ ಸಲ ಬರೀ ಗಾಳಿಯ ಸದ್ದು. ಅಲ್ಲಾಡಿಸಿ ಮತ್ತೆ ಒತ್ತಿದರು, ಏನೂ ಬರಲಿಲ್ಲ. ಆಮೇಲೆ ಅವರ ಕೈ ತಾನಾಗಿಯೇ ಚೀಲದ ಪಕ್ಕದ ಜೇಬಿಗೆ ಹೋಯಿತು. ಒಳಗೆ ಹೋದ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಖಾಲಿ ಕೈ ಹೊರಗೆ ತೆಗೆದು, ನನ್ನ ಕಡೆ ನೋಡದೆ, ಜೇಬಿನ ಜಿಪ್ಪು ಹಾಕಿದರು.

"ಇಳಿಯೋಣು" ಎಂದರು ಅಷ್ಟೇ.

ಸಾಮಾನೆಲ್ಲ ಅಲ್ಲೇ ಬಿಟ್ಟೆವು. ಫೋನಿಗೆ ಸಿಗ್ನಲ್ ಇರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ಅವರು ಮೊಣಕಾಲಿಗೆ ಕೈಯೂರಿ ನಿಲ್ಲುತ್ತಿದ್ದರು. ಗಂಟಲ ಕೆಳಗಿನ ಗುಳಿ ಒಳಕ್ಕೆ ಜಗ್ಗುತ್ತಿತ್ತು. ಅರ್ಧ ದಾರಿಯ ನಂತರ ಬೆನ್ನ ಮೇಲೆ ಹೊತ್ತುಕೊಂಡೆ. ಎರಡು ಸಲ ಮುಗ್ಗರಿಸಿದೆ. ರಸ್ತೆಗೆ ಬಂದಾಗ ಅವರ ತುಟಿ ನೇರಳೆಯಾಗಿತ್ತು. ಬೈಕಿನ ಹಿಂದೆ ಹಿಡಿದು ಕೂರುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಈರುಳ್ಳಿ ಹೇರಿಕೊಂಡು ಹೋಗುತ್ತಿದ್ದ ಗೂಡ್ಸ್ ಆಟೋದವನು ನಮ್ಮನ್ನು ನೋಡಿದ್ದೇ ನಾಲ್ಕು ಚೀಲ ರಸ್ತೆಗೆ ಇಳಿಸಿ ಜಾಗ ಮಾಡಿದ. ನಾನು ಭಾವನನ್ನು ಎದೆಗೆ ಒರಗಿಸಿಕೊಂಡು ಕೂತೆ.

"ಬಾವ, ಬಂದುಬಿಡ್ತು ಆಸ್ಪತ್ರಿ. ತಡಕೊಳ್ರಿ" ಎನ್ನುತ್ತಿದ್ದೆ.

ಅವರು ನನ್ನ ಮಣಿಕಟ್ಟು ಹಿಡಿದರು. ಒಂದೊಂದು ಮಾತಿಗೆ ಒಂದೊಂದು ಉಸಿರು ಬೇಕಾಗುತ್ತಿತ್ತು. "ನಿಮ್ಮಕ್ಕಗ... ಖಾಲಿ ಆಗಿತ್ತು... ಅಂತ ಹೇಳು. ಅಷ್ಟ ಹೇಳು."

ಕಾನಹೊಸಹಳ್ಳಿಯಲ್ಲಿ ಆಮ್ಲಜನಕ ಕೊಟ್ಟರು, ಇಂಜೆಕ್ಷನ್ ಕೊಟ್ಟರು, ಅಲ್ಲಿದ್ದವರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ತಡವಾಗಿತ್ತು. ದೊಡ್ಡಾಸ್ಪತ್ರೆಗೆಂದು ಆಂಬುಲೆನ್ಸಿನಲ್ಲಿ ಹೊರಟ ಸ್ವಲ್ಪ ಹೊತ್ತಿಗೆ ಹೆದ್ದಾರಿಯ ಮೇಲೇ ಭಾವ ಹೋದರು. ಬಿಸಿಲು ಆಗ ತಾನೇ ಏರುತ್ತಿತ್ತು.

ಅಕ್ಕನಿಗೆ ನಾನು ಹೇಳಿದ್ದು ಅಷ್ಟೇ, "ಪಂಪು ಖಾಲಿ ಆಗಿತ್ತು, ಅಕ್ಕಾ."

ಮಣ್ಣು ಮಾಡಿದ ಮೇಲೆ ನಾನೊಬ್ಬನೇ ಗುಡ್ಡ ಹತ್ತಿ ಸಾಮಾನು ತಂದೆ. ಟೆಂಟು ಹಾಗೇ ನಿಂತಿತ್ತು. ಹಸಿರು ಚೀಲ, ಕೆಂಪು ಚೀಲ, ಬಿಳಿ ಚೀಲ, ಎಲ್ಲವೂ ಅವುಗಳ ಜಾಗದಲ್ಲಿದ್ದವು. ಬಿಳಿಯದನ್ನು ಬಿಚ್ಚಿದೆ. ತಲೆನೋವಿನ ಗುಳಿಗೆ, ಗಾಯದ ಪಟ್ಟಿ, ಮುಲಾಮು, ಒಂದೊಂದೇ. ಅಲ್ಲಿಯೇ ಕೂತು ಅತ್ತೆ. ಯಾರೂ ಇರಲಿಲ್ಲ, ಜೋರಾಗಿಯೇ ಅತ್ತೆ.

ಭಾವನ ಶಿವಗಣಾರಾಧನೆಯ ಮರುದಿನ ಅಕ್ಕ ಗೂಡು ಒರೆಸುತ್ತಿದ್ದವಳು ಪಂಪು ಹಿಡಿದುಕೊಂಡು ಬಂದಳು.

"ಇದು ಇಲ್ಲ್ಯಾಕ ಐತೋ? ಚೀಲದಾಗ ಇರಬೇಕಿತ್ತಲ್ಲ?"

ನನ್ನ ಬಾಯಿಂದ ಬಂದದ್ದು ಹೀಗೆ, "ಮರತಿರಬೇಕು."

ಅವಳು ಅದನ್ನು ನಂಬಿದಳು. ಅದೇ ನನಗೆ ಶಿಕ್ಷೆಯಾಯಿತು. ಮಾತನಾಡಿಸಲು ಬಂದವರ ಮುಂದೆಲ್ಲ ಅವಳು ಸತ್ತ ಗಂಡನನ್ನು ಬೈಯತೊಡಗಿದಳು. "ಹಕ್ಕಿ ಹೆಸರು ನೂರು ನೆನಪಿದ್ವು, ಜೀವ ಉಳಿಸೋದು ಒಂದು ನೆನಪಿರಲಿಲ್ಲ ನೋಡ್ರಿ. ನಾನರ ನೆನಪು ಮಾಡಬಾರದಿತ್ತಾ?" ಅನ್ನುತ್ತಿದ್ದಳು. ಬರಬರುತ್ತಾ ಅವರನ್ನು ಬೈಯುವುದು ಕಡಿಮೆಯಾಗಿ ತನ್ನನ್ನು ಬೈದುಕೊಳ್ಳುವುದು ಹೆಚ್ಚಾಯಿತು. ಬುತ್ತಿ ಕಟ್ಟುವಾಗ ಒಮ್ಮೆ ಕೇಳಿದ್ದರೆ, ಬಾಗಿಲಿಗೆ ಬಂದಾಗ ಚೀಲ ಮುಟ್ಟಿ ನೋಡಿದ್ದರೆ, ಎಂದು. ಊಟ ಬಿಟ್ಟಳು. ಕೈಯ ಬಳೆ ಇದ್ದ ಜಾಗ ಎಲುಬಾಯಿತು.

ಮೂರು ತಿಂಗಳು ತಡೆದೆ. ಭಾವ ಹೇಳಿದ ಮಾತನ್ನು ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಮಧ್ಯಾಹ್ನ ಅವಳು ಜೋಳ ಹಸನು ಮಾಡುತ್ತಾ, ಯಾರಿಗೂ ಅಲ್ಲ ಎಂಬಂತೆ, "ನನ್ನ ಕೈಯಾರೆ ಕಳಿಸಿದೆ" ಎಂದಳು. ಆಗ ಹೇಳಿದೆ.

"ಅಕ್ಕಾ, ಬಾವ ಮರ್ತಿರಲಿಲ್ಲ. ಚೀಲದಾಗ ಇಟ್ಟಿದ್ರು. ನಾನು ತೆಗೆದೆ."

ಮೊರದ ಸದ್ದು ನಿಂತಿತು.

"ಯಾಕ?"

"ಚೀಲ ಹಗುರ ಆಗಲಿ ಅಂತ."

ಅವಳು ಕೂಗಾಡಲಿಲ್ಲ. "ಎಷ್ಟು ತೂಕ ಇತ್ತೋ ಅದು?" ಎಂದು ಕೇಳಿದಳು.

ಚಮಚವನ್ನೂ ತೂಗಿದ್ದ ನಾನು ಅದನ್ನು ತೂಗಿರಲಿಲ್ಲ. ಅವರ ಕೊನೆಯ ಮಾತನ್ನೂ ಹೇಳಿದೆ. ಅದನ್ನು ಕೇಳಿ ಅವಳು ಮೊರ ಕೆಳಗಿಟ್ಟು ಗೋಡೆಗೆ ತಲೆ ಆನಿಸಿದಳು.

"ಸಾಯೋವಾಗ್ಲೂ ನಿನ್ನ ಚಿಂತಿ ಮಾಡ್ಯಾರ" ಎಂದಳು. "ನೀನು ಮೂರು ತಿಂಗಳ ತನಕ ಅವರನ್ನ ಬೈಸಿದಿ. ಹೋಗು. ಈ ಮನಿಗೆ ಬರಬ್ಯಾಡ ಸದ್ಯ."

ಆ "ಸದ್ಯ" ಎಂಬ ಒಂದು ಮಾತು ಹಿಡಿದುಕೊಂಡು ಒಂದೂವರೆ ವರ್ಷ ಕಳೆದೆ. ಹಬ್ಬಕ್ಕೆ ಕರೆಯಲಿಲ್ಲ. ಫೋನು ಎತ್ತಲಿಲ್ಲ. ಆದರೆ ಅವಳು ಊಟ ಮಾಡುತ್ತಿದ್ದಾಳೆಂದು, ಮತ್ತೆ ಸಂತೆಗೆ ಹೋಗುತ್ತಿದ್ದಾಳೆಂದು ನೆರೆಮನೆಯವರಿಂದ ಗೊತ್ತಾಗುತ್ತಿತ್ತು. ಅವಳ ತಪ್ಪಲ್ಲವೆಂದು ಅವಳಿಗೆ ತಿಳಿಯಿತಲ್ಲ, ಬೈಯಲು ನಾನು ಸಿಕ್ಕೆನಲ್ಲ ಎಂದುಕೊಳ್ಳುತ್ತಿದ್ದೆ. ಟೆಂಟನ್ನು ಕುರಿಯವನೊಬ್ಬ ಕೇಳಿ ಒಯ್ದ, ಮರಿಗಳಿಗೆ ಮರೆ ಮಾಡಲು. ಬೆನ್ನಚೀಲಗಳನ್ನು ಯಾರಿಗೂ ಕೊಡಲಿಲ್ಲ, ತೆರೆಯಲೂ ಇಲ್ಲ. ಅಂಗಡಿಗೆ ಹಗ್ಗ, ಕೊಕ್ಕೆ ಕೊಳ್ಳಲು ಬರುವ ಹುಡುಗರು ಗುಡ್ಡಕ್ಕೆ ಹೋಗುತ್ತೇವೆ ಅಂದರೆ, ನಿಮ್ಮಲ್ಲಿ ಯಾರಿಗೆ ಏನು ಕಾಯಿಲೆ ಐತಿ ಎಂದು ಕೇಳುತ್ತೇನೆ. ಅವರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ.

ಹೋದ ಚಳಿಗಾಲದಲ್ಲಿ ಅವಳೇ ಫೋನು ಮಾಡಿದಳು. "ಆ ಗುಡ್ಡ ತೋರಿಸು" ಎಂದಳು.

ಬಸ್ಸಿನಲ್ಲಿ ಹೋದೆವು, ಬೇರೆ ಬೇರೆ ಸೀಟಿನಲ್ಲಿ ಕೂತು. ಹತ್ತುವಾಗ ಕಡಿದಾದ ಕಡೆ ಕೈ ಚಾಚಿದೆ. ಅವಳು ಹಿಡಿಯಲಿಲ್ಲ, ಬಂಡೆ ಹಿಡಿದು ಹತ್ತಿದಳು. ಮೇಲೆ ಟೆಂಟು ಇದ್ದ ಜಾಗ ತೋರಿಸಿದೆ. ಎಲ್ಲಿ ಕೂತಿದ್ದರು ಎಂದು ಕೇಳಿದಳು, ತೋರಿಸಿದೆ. ಅಲ್ಲಿ ಕೂತಳು. ಬಿಸಿಲು ನೆತ್ತಿಗೆ ಬರುವ ತನಕ ಕೂತೇ ಇದ್ದಳು. ನಾನು ಅಷ್ಟು ದೂರದಲ್ಲಿ ನಿಂತಿದ್ದೆ. ಹತ್ತಿರ ಹೋಗಲೋ ಬೇಡವೋ ಗೊತ್ತಾಗಲಿಲ್ಲ.

ಕಡೆಗೆ ಎದ್ದು ಸೀರೆಯ ಧೂಳು ಕೊಡವಿಕೊಂಡಳು. "ನಿನ್ನ ಮ್ಯಾಲಿನ ಸಿಟ್ಟು ಹೋಗಿಲ್ಲ" ಎಂದಳು. "ಹೊಕ್ಕೈತೋ ಇಲ್ಲೋ ಗೊತ್ತಿಲ್ಲ."

"ಹೂಂ, ಅಕ್ಕಾ" ಎಂದೆ.

"ಎರಡು ಗಂಟಿ ಬಸ್ಸಿಗೆ ಹೋಗೋಣ ನಡಿ" ಎಂದು ಮುಂದೆ ಇಳಿಯತೊಡಗಿದಳು. ಅವಳ ಹಿಂದೆ, ನಾಲ್ಕು ಹೆಜ್ಜೆ ಬಿಟ್ಟು, ನಾನೂ ಇಳಿದೆ.